ಅರ್ಕಾವೊತ್ತು

ಋಷಿಮೂಲ, ನದಿಮೂಲ ಕೇಳಬಾರದಂತೆ.
ಸರಿ. ಆದರೆ ಈ ರಾತ್ರಿ ನನಗೆ
ಒಂದು ತಂತ್ರಾಂಶದ ಮೂಲ ಬೇಕು,
ಬೆಳಗಾಗುವುದರೊಳಗೆ.

ಸಂಜೆ ಐದಕ್ಕೆ ಫೋನು:
'ಮೇಡಂ, ಸರ್ಟಿಫಿಕೇಟಲ್ಲಿ ನನ್ನ ಹೆಸರು ಮುರಿದಿದೆ.'
ನರ್ಸಿಂಗ್ ಶಾಲೆಯ ಹುಡುಗಿ. ಹೆಸರು ಅರ್ಕಾವತಿ.
ಕಾಗದದ ಮೇಲೆ ಮಾತ್ರ
ಅ, ಆಮೇಲೆ ತಲೆಗೆ ಕೊಂಬು ಮೂಡಿದ ಒಂಟಿ ರ್,
ಅದರಾಚೆ, ಏನೂ ಸಂಬಂಧವಿಲ್ಲದಂತೆ, ಕಾವತಿ.
ಪಾರ್ವತಿಯೂ ಹಾಗೇ. ಕೀರ್ತಿಯೂ. ಶರ್ಮಿಳಾ ಕೂಡ.
ಮೂವತ್ತೆಂಟರಲ್ಲಿ ಹನ್ನೊಂದು ಹುಡುಗಿಯರು ಒಡೆದಿದ್ದರು.
ನಾಳೆ ಹತ್ತಕ್ಕೆ ಸಮಾರಂಭ.

ಮೈಸೂರು ರಸ್ತೆಯ ನಮ್ಮ ಪ್ರೆಸ್ಸಿನಲ್ಲಿ ಸರ್ವರ್ ಇರುವುದು
ಮೆಟ್ಟಿಲ ಕೆಳಗೆ, ಪೊರಕೆ ಇಡುವ ಜಾಗದ ಪಕ್ಕ.
ಕಿಟಕಿ ತೆರೆದರೆ ವೃಷಭಾವತಿಯ ವಾಸನೆ,
ಮುಚ್ಚಿದರೆ ಯಂತ್ರಕ್ಕೆ ಜ್ವರ.
ತೆರೆದೇ ಇಟ್ಟೆ.

ಸಿದ್ಧವಾಗಿ ಸಿಗುವ ಆವೃತ್ತಿ ಹಳೆಯದು, ದೋಷ ಅದರಲ್ಲೇ.
ಹೊಸದು ಬೇಕೆಂದರೆ ಮೂಲದಿಂದಲೇ ಕಟ್ಟಿಕೊಳ್ಳಬೇಕು.
ಇಳಿಸಿಕೊಂಡೆ, ಗಂಟು ಬಿಚ್ಚಿದೆ, ಶುರುಮಾಡಿದೆ.
ಹೆಣ್ಣು ನೋಡಲು ಬಂದ ಬೀಗರ ಹಾಗೆ ಅದು ಕೇಳತೊಡಗಿತು:
ಕಂಪೈಲರ್ ಇದೆಯಾ? ಇದೆ.
ಕೆಲಸ ಮಾಡುತ್ತಾ? ಮಾಡುತ್ತೆ.
ನಿಜವಾಗಲೂ?
ಒಂದು ಲೈಬ್ರರಿ ಇಲ್ಲವೆಂದು ನಿಂತಿತು.
ಅದನ್ನು ತಂದರೆ ಅದಕ್ಕಿನ್ನೊಂದು ಬೇಕು,
ಆ ಇನ್ನೊಂದಕ್ಕೆ ಮೂರನೆಯದರ ಹೊಸ ಆವೃತ್ತಿ.

ಬಾಗಿಲಲ್ಲಿ ಅಂತೋಣಪ್ಪ, ರಾತ್ರಿ ಕಾವಲು,
ಹಿಂದೆ ಇದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು.
'ನಮಗೂ ಅಷ್ಟೇ. ಅರ್ಕಾವೊತ್ತು ಖಾಲಿಯಾದರೆ
ಕಾಟನ್‌ಪೇಟೆಗೆ ಸೈಕಲ್ ತುಳಿದು
ಒಂದು ಲೋಟದಷ್ಟು ಸಾಲ ತರ್ತಿದ್ದೆ, ಸಕ್ಕರೆ ತಂದ ಹಾಗೆ.
ವಾಪಸ್ಸು ಮಾತ್ರ ಎಣಿಸಿ ಕೊಡಬೇಕು.'

ಒಂದೂ ಹತ್ತಕ್ಕೆ ಸಾಲುಗಳು ಓಡತೊಡಗಿದವು.
ಫ್ಯಾನು ಕೂಗಿತು. ಎಚ್ಚರಿಕೆಗಳು, ನೂರಾರು;
ಓದದೆ ಬಿಟ್ಟೆ, ಸಿಗರೇಟು ಪ್ಯಾಕಿನ ಮೇಲಿನದರಂತೆ.
ಶೇಕಡಾ ಎಪ್ಪತ್ತೊಂದಕ್ಕೆ ಮೆಮೊರಿ ಸಾಲದೆ ಸತ್ತಿತು.
ನಾಲ್ಕು ಕೈಯಲ್ಲಿ ಮಾಡುತ್ತಿದ್ದುದನ್ನು ಒಂದೇ ಕೈಗೆ ಕೊಟ್ಟು
ಮತ್ತೆ ಹೊರಡಿಸಿದೆ.
ಎರಡೂ ಮುಕ್ಕಾಲಿಗೆ ಕರೆಂಟು ಹೋಯಿತು.
ಯುಪಿಎಸ್ ಕುಯ್ಯೋ ಅಂದ ಆ ಒಂಬತ್ತು ನಿಮಿಷ
ನಾನೂ ಅಂತೋಣಪ್ಪನವರೂ ಉಸಿರು ಸಣ್ಣ ಮಾಡಿಕೊಂಡು ಕೂತೆವು,
ಬ್ಯಾಟರಿ ನಮ್ಮಿಂದಲೂ ಖರ್ಚಾದೀತು ಎಂಬಂತೆ.

ಆಮೇಲೆ, ಬೇರೇನೂ ಮಾಡಲಿಲ್ಲದೆ, ಮೂಲ ಓದಿದೆ.
ಯಾರೋ, ಎಲ್ಲಿಯವರೋ, ಬರೆದಿಟ್ಟಿದ್ದರು:
ಇದು ಯಾಕೆ ಸರಿಹೋಗುತ್ತದೋ ತಿಳಿಯದು, ಮುಟ್ಟಬೇಡಿ.
ಅದರ ಕೆಳಗೆ ಆರೇ ಸಾಲು.
ರ ಬಂದರೆ, ಅದರ ಸ್ವರ ಕಳಚಿದ್ದರೆ,
ಮುಂದೊಂದು ವ್ಯಂಜನ ನಿಂತಿದ್ದರೆ,
ರ-ವನ್ನು ಎತ್ತಿ ಅದರ ಬೆನ್ನಿಗೆ ನಿಲ್ಲಿಸು.
ಐದನೇ ವಯಸ್ಸಿನಿಂದ ಬರೆಯುತ್ತಿದ್ದೇನೆ, ಗಮನಿಸಿರಲಿಲ್ಲ:
ಬಾಯಲ್ಲಿ ಮೊದಲು ಬರುವವಳು
ಹಾಳೆಯಲ್ಲಿ ಆಮೇಲೆ ನಿಲ್ಲುತ್ತಾಳೆ,
ಕರೆದ ಕೂಡಲೇ ಓಗೊಟ್ಟು
ಕ್ಯೂನಲ್ಲಿ ಜಾಗ ಬಿಟ್ಟುಕೊಟ್ಟವಳ ಹಾಗೆ.

ನಾಲ್ಕೂ ಇಪ್ಪತ್ತಕ್ಕೆ ಫ್ಯಾನು ತಣ್ಣಗಾಯಿತು.
ಮುಗಿಯಿತೆಂದು ಕೂಡ ಹೇಳಲಿಲ್ಲ, ಬರೀ ಮಿಣುಕುವ ಕರ್ಸರ್.
ಮೊದಲ ಹಾಳೆ ಅವಳದೇ ತೆಗೆದೆ.
ಅರ್ಕಾವತಿ ಎಂ. ಇಡಿಯಾಗಿ.
ಹೊರಗೆ ಮೋರಿ ತನ್ನ ಪಾಡಿಗೆ ಕನಕಪುರದ ಕಡೆ ಹೋಗುತ್ತಿತ್ತು,
ಅಲ್ಲಿ ಅದು ಸೇರುವ ನದಿಗೂ ಇದೇ ಹೆಸರು.

ಅಂತೋಣಪ್ಪ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು,
ಮಗುಚಿದರು, ಹಿಂಬದಿಗೆ ಹೆಬ್ಬೆರಳು ಸವರಿದರು,
ಇನ್ನೊಮ್ಮೆ ಸವರಿದರು.
'ಒತ್ತಕ್ಷರ ಬಂದಿದೆ,' ಅಂದರು.
'ಒತ್ತೇ ಬಂದಿಲ್ಲ.'

ಉಳಿದ ಹತ್ತಕ್ಕೆ ಕಾಗದ ತುಂಬಿದೆ.